ಗೀಸರ್ ಕೆಳಗೆ ಬೀಳುವ ಹನಿ: ಯಾವಾಗ ಸಹಜ, ಯಾವಾಗ ಅಪಾಯ

ಪುಣೆಯಲ್ಲಿ ಡಿಸೆಂಬರ್ ಬಂತೆಂದರೆ ಗೀಸರ್‌ಗೆ ಬಿಡುವೇ ಇರುವುದಿಲ್ಲ. ಕೆಲವು ದಿನ ಬೆಳಗಿನ ತಾಪಮಾನ 10 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಉಳಿದ ಕಾಲದಲ್ಲಿ ಬೆಳಿಗ್ಗೆ ಒಂದು ಸಲ ಹಾಕುತ್ತಿದ್ದ ಗೀಸರ್ ಈಗ ಸ್ನಾನಕ್ಕೆ, ಪಾತ್ರೆಗೆ, ಮಕ್ಕಳ ಕೈಕಾಲು ತೊಳೆಯುವುದಕ್ಕೆ ಅಂತ ಮತ್ತೆ ಮತ್ತೆ ಓಡುತ್ತದೆ. ಅದೇ ಹೊತ್ತಿಗೆ ಸೊಸಾಯಿಟಿಯ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ: ಗೀಸರ್ ಕೆಳಗಿಂದ ನೀರು ಹನಿಯುತ್ತಿದೆ, ಒಳ್ಳೆ ಪ್ಲಂಬರ್ ಯಾರಾದರೂ ಇದ್ದರೆ ನಂಬರ್ ಕಳಿಸಿ.

ಕೋಥ್ರೂಡಿನಲ್ಲಿರುವ ಧಾರವಾಡ ಕಡೆಯ ಕಾಕು ಒಬ್ಬರು ಹೋದ ಚಳಿಗಾಲದಲ್ಲಿ ನನ್ನನ್ನು ಬಚ್ಚಲಿಗೆ ಕರೆದು ತಮ್ಮ ಗೀಸರ್ ತೋರಿಸಿದರು. ತಣ್ಣೀರು ಒಳಗೆ ಹೋಗುವ ಕಡೆ ಹಿತ್ತಾಳೆಯ ಚಿಕ್ಕ ವಾಲ್ವ್ ಇತ್ತು. ಅದರ ಪಕ್ಕದ ಸಣ್ಣ ಮೂತಿಗೆ ಎಂ-ಸೀಲ್ ಅಂಟು ಮೆತ್ತಲಾಗಿತ್ತು. ಒತ್ತಿದವರ ಹೆಬ್ಬೆರಳಿನ ಗುರುತು ಹಾಗೇ ಒಣಗಿ ಕಲ್ಲಾಗಿತ್ತು. “ನೋಡ್ರಿ, ಈಗ ಒಂದ್ ಹನೀನೂ ಬೀಳಂಗಿಲ್ಲ. ಪ್ಲಂಬರ್ ಐದ್ ನಿಮಿಷದಾಗ ಬಂದ್ ಮಾಡಿ ಹ್ವಾದ,” ಅಂದರು. “ಕಾಕು, ಮೊದಲು ಸ್ವಿಚ್ ಆಫ್ ಮಾಡ್ರಿ,” ಅಂದೆ.

ಅವರು ಸೋರಿಕೆ ನಿಂತಿತೆಂದು ಸಮಾಧಾನದಲ್ಲಿದ್ದರು. ಆದರೆ ಮುಚ್ಚಿದ್ದು ಸೋರಿಕೆಯನ್ನಲ್ಲ, ಗೀಸರ್‌ನ ಒತ್ತಡ ಹೊರಹೋಗುವ ದಾರಿಯನ್ನು. ಆ ಮೂತಿ ಇರುವುದೇ ನೀರು ಹೊರಬಿಡುವುದಕ್ಕೆ. ಇದು ಹೇಗೆಂದು ತಿಳಿಯಲು ಗೀಸರ್ ಒಳಗೆ ಏನಿದೆ ಎಂಬುದರಿಂದ ಶುರು ಮಾಡಬೇಕು.

ಡಬ್ಬದ ಒಳಗೆ

ಮನೆಗಳಲ್ಲಿ ಜಾಸ್ತಿ ಕಾಣುವುದು 10, 15 ಅಥವಾ 25 ಲೀಟರಿನ ಸ್ಟೋರೇಜ್ ಗೀಸರ್. ಹೊರಗೆ ಕಾಣುವುದು ಬರೀ ಕವಚ. ಅದರೊಳಗೆ ಶಾಖ ಹೊರಹೋಗದಂತೆ ತಡೆಯುವ ದಪ್ಪ ಫೋಮ್, ಅದರೊಳಗೆ ಉಕ್ಕಿನ ಟ್ಯಾಂಕು. ಟ್ಯಾಂಕಿನಲ್ಲಿ ನೀರು ಕಾಯಿಸುವ ಕಾಯಿಲ್ ಇರುತ್ತದೆ, ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ನೀರು ಬೇಕಾದಷ್ಟು ಬಿಸಿಯಾದಾಗ ಕರೆಂಟು ನಿಲ್ಲಿಸುವುದು ಥರ್ಮೋಸ್ಟಾಟ್. ಅದು ಕೆಟ್ಟರೆ ಕರೆಂಟು ಕಡಿಯಲು ಥರ್ಮಲ್ ಕಟ್‌ಔಟ್ ಎಂಬ ಇನ್ನೊಂದು ಕಾವಲು ಇದೆ.

ಗೀಸರ್‌ಗೆ ಎರಡು ಪೈಪು. ಒಂದರಲ್ಲಿ ತಣ್ಣೀರು ಒಳಗೆ ಬರುತ್ತದೆ, ಇನ್ನೊಂದರಲ್ಲಿ ಬಿಸಿನೀರು ಹೊರಗೆ ಹೋಗುತ್ತದೆ. ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ತಣ್ಣೀರು ಒಳಗೆ ಬಂದು ದೂಡಿದರೆ ಮಾತ್ರ ಬಿಸಿನೀರು ಹೊರಗೆ ಬರುತ್ತದೆ. ಹಾಗಾಗಿ ನೀವು ನಲ್ಲಿ ತಿರುಗಿಸಿದರೂ, ತಿರುಗಿಸದಿದ್ದರೂ ಟ್ಯಾಂಕು ಸದಾ ಕಂಠಪೂರ್ತಿ ತುಂಬಿರುತ್ತದೆ. ಒಳಗೆ ಒಂದಿಷ್ಟೂ ಖಾಲಿ ಜಾಗ ಇರುವುದಿಲ್ಲ.

ಬಿಸಿಯಾದ ನೀರಿಗೆ ಜಾಗ ಬೇಕು

ಬಿಸಿಯಾದರೆ ನೀರು ಹಿಗ್ಗುತ್ತದೆ. 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದು ನೂರಕ್ಕೆ ಸುಮಾರು ಒಂದೂವರೆ ಪಾಲು ಹೆಚ್ಚಾಗುತ್ತದೆ. ಅಂದರೆ 25 ಲೀಟರ್ ನೀರು ಹತ್ತಿರ ಹತ್ತಿರ 380 ಮಿಲಿಲೀಟರ್ ಜಾಸ್ತಿಯಾಗುತ್ತದೆ, 15 ಲೀಟರಾದರೆ ಸುಮಾರು 230 ಮಿಲಿಲೀಟರ್.

ಊರಿನ ಬಚ್ಚಲಲ್ಲಿ ಒಲೆಯ ಮೇಲೆ ಕೂತಿರುತ್ತಿದ್ದ ತಾಮ್ರದ ಹಂಡೆ ನೆನಪಿದೆಯಲ್ಲ? ಅದರ ಬಾಯಿ ತೆರೆದಿರುತ್ತಿತ್ತು. ನೀರು ಹಿಗ್ಗಿದರೆ ಮಟ್ಟ ಸ್ವಲ್ಪ ಏರುತ್ತಿತ್ತು, ತೀರಾ ತುಂಬಿಸಿದ್ದರೆ ಅಂಚಿನಿಂದ ಚೆಲ್ಲುತ್ತಿತ್ತು, ಅಷ್ಟೇ. ಎಷ್ಟು ಕುದಿದರೂ ಹಂಡೆಗೆ ಏನೂ ಆಗುತ್ತಿರಲಿಲ್ಲ. ಗೀಸರ್ ಎಂದರೆ ಬಾಯಿ ಮುಚ್ಚಿದ ಹಂಡೆ. ನೀರನ್ನು ಅದುಮಿ ಚಿಕ್ಕದು ಮಾಡಲು ಆಗುವುದಿಲ್ಲ. ಹಿಗ್ಗಿದ ಆ ಒಂದು ಲೋಟ ನೀರಿಗೆ ದಾರಿ ಸಿಗದಿದ್ದರೆ ಅದು ಟ್ಯಾಂಕಿನ ಗೋಡೆಯನ್ನೇ ಒತ್ತುತ್ತದೆ.

ಟೆರೇಸಿನ ಮೇಲೆ ಸೋಲಾರ್ ಇರುವವರು ಗಮನಿಸಿರಬಹುದು. ಅಲ್ಲಿನ ಹೆಚ್ಚಿನ ಟ್ಯಾಂಕುಗಳಿಗೆ ಮೇಲಕ್ಕೆ ಚಾಚಿದ, ಬಾಯಿ ತೆರೆದ ಗಾಳಿ ಪೈಪು ಇರುತ್ತದೆ. ಒತ್ತಡ ಅಲ್ಲಿಂದಲೇ ಹೋಗುತ್ತದೆ. ಬಚ್ಚಲಿನ ಗೀಸರ್‌ಗೆ ಆ ಅನುಕೂಲ ಇಲ್ಲ, ಅದಕ್ಕಾಗಿಯೇ ವಾಲ್ವ್.

ಒಂದೇ ವಾಲ್ವ್, ಮೂರು ಕೆಲಸ

ತಣ್ಣೀರಿನ ಪೈಪಿಗೂ ಟ್ಯಾಂಕಿಗೂ ನಡುವೆ ಕೂರಿಸುವ ಈ ವಾಲ್ವಿಗೆ ಮಲ್ಟಿ ಫಂಕ್ಷನ್ ವಾಲ್ವ್ ಎನ್ನುತ್ತಾರೆ. ಅಂಗಡಿಯಲ್ಲಿ ಗೀಸರ್‌ನ ಸೇಫ್ಟಿ ವಾಲ್ವ್ ಅಂದರೂ ಸಾಕು.

ಮೊದಲನೆಯದಾಗಿ, ಇದು ನೀರನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಒಳಗೆ ಹೋದ ನೀರು ತಣ್ಣೀರಿನ ಪೈಪಿಗೆ ವಾಪಸ್ ಬರುವುದಿಲ್ಲ. ಹೀಗಾಗಿ ಮೇಲಿನ ಟ್ಯಾಂಕು ಖಾಲಿಯಾದರೂ ಗೀಸರ್ ಖಾಲಿಯಾಗುವುದಿಲ್ಲ, ಕಾಯಿಲ್ ಸುಡುವುದಿಲ್ಲ. ಎರಡನೆಯದಾಗಿ, ಒಳಗಿನ ಒತ್ತಡ ಮಿತಿ ದಾಟಿದರೆ ಸ್ಪ್ರಿಂಗ್ ಸರಿದು, ಪಕ್ಕದ ಮೂತಿಯಿಂದ ನೀರು ಹೊರಬರುತ್ತದೆ. ಮೂರನೆಯದಾಗಿ, ಅದರ ಮೇಲಿರುವ ಚಿಕ್ಕ ಲಿವರ್ ಎತ್ತಿ ನಾವೇ ಟ್ಯಾಂಕಿನ ನೀರು ಇಳಿಸಬಹುದು.

ಮೊದಲ ಎರಡು ಕೆಲಸ ಸೇರಿದಾಗಲೇ ಹನಿ ಹುಟ್ಟುವುದು. ಹಿಗ್ಗಿದ ನೀರು ವಾಪಸ್ ಹೋಗುವಂತಿಲ್ಲ. ಬಿಸಿನೀರಿನ ನಲ್ಲಿಯೂ ಬಂದ್ ಆಗಿದೆ. ಉಳಿದ ದಾರಿ ಆ ಮೂತಿ ಒಂದೇ. ಆದ್ದರಿಂದ ಗೀಸರ್ ಕಾಯುವಾಗ ಅಲ್ಲಿಂದ ಹನಿ ಬಿದ್ದರೆ, ಕೆಂಪು ದೀಪ ಆರಿದ ಸ್ವಲ್ಪ ಹೊತ್ತಿಗೆ ನಿಂತರೆ, ವಾಲ್ವ್ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ ಎಂದರ್ಥ.

“ಪಕ್ಕದ ಮನೆಯಲ್ಲಿ ಬೀಳಲ್ವಲ್ಲ?” ಎಂದು ಕೇಳಬಹುದು. ಕೆಲವು ಮನೆಗಳಲ್ಲಿ ವಾಪಸ್ ತಡೆಯುವ ಭಾಗ ಸವೆದು, ಹಿಗ್ಗಿದ ನೀರು ಸದ್ದಿಲ್ಲದೆ ತಣ್ಣೀರಿನ ಪೈಪಿಗೇ ಸರಿಯುತ್ತದೆ. ಕೆಲವು ಕಡೆ ಬಿಸಿನೀರಿನ ನಲ್ಲಿಯೇ ಸ್ವಲ್ಪ ತೊಟ್ಟಿಕ್ಕುತ್ತಿರುತ್ತದೆ. ಹನಿ ಕಾಣದಿದ್ದ ಮಾತ್ರಕ್ಕೆ ಅವರ ವಾಲ್ವ್ ನಿಮ್ಮದಕ್ಕಿಂತ ಚೆನ್ನಾಗಿದೆ ಎಂದಲ್ಲ.

ಮೂತಿ ಮುಚ್ಚಿದರೆ

ಗೀಸರ್ ಮೇಲಿನ ಲೇಬಲ್ ಓದಿದರೆ 6.5 ಬಾರ್ ಅಥವಾ 8 ಬಾರ್ ಎಂಬಂಥ ಅಂಕಿ ಸಿಗುತ್ತದೆ. ಕೆಲವದರಲ್ಲಿ 0.65 ಅಥವಾ 0.8 ಎಂಪಿಎ ಎಂದಿರುತ್ತದೆ, ಎರಡೂ ಒಂದೇ ಲೆಕ್ಕ. ಟ್ಯಾಂಕು ತಡೆಯಬೇಕಾದ ಒತ್ತಡ ಅದು. ವಾಲ್ವಿನ ಮೈಮೇಲೂ ಬಾರ್ ಲೆಕ್ಕ ಕೆತ್ತಿರುತ್ತಾರೆ. ವಾಲ್ವಿನ ಅಂಕಿ ಟ್ಯಾಂಕಿನ ಅಂಕಿಗಿಂತ ಹೆಚ್ಚಿರಬಾರದು. 6.5 ಬಾರ್ ಟ್ಯಾಂಕಿಗೆ 8 ಬಾರ್ ವಾಲ್ವ್ ಹಾಕಿದರೆ, ಟ್ಯಾಂಕಿಗೆ ಕಷ್ಟವಾದ ಮೇಲೂ ವಾಲ್ವ್ ಸುಮ್ನೆ ಕೂತಿರುತ್ತದೆ.

ಮೂತಿ ಮುಚ್ಚಿದ ಮರುದಿನವೇ ಏನೂ ಆಗದಿರಬಹುದು. ಥರ್ಮೋಸ್ಟಾಟ್ ಸರಿಯಾಗಿರುವವರೆಗೆ ಪ್ರತಿ ಸಲ ಕಾದಾಗ ಟ್ಯಾಂಕಿಗೆ, ಬೆಸುಗೆಗೆ, ಪೈಪಿನ ಜಾಯಿಂಟಿಗೆ ಒತ್ತಡ ಬೀಳುತ್ತದೆ, ತಣ್ಣಗಾದಾಗ ಇಳಿಯುತ್ತದೆ. ಹೀಗೆ ದಿನಾ ಏರಿಳಿದು ಟ್ಯಾಂಕಿನ ಆಯಸ್ಸು ಕಡಿಮೆಯಾಗುತ್ತದೆ, ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ.

ನಿಜವಾದ ಅಪಾಯ ಇರುವುದು ಥರ್ಮೋಸ್ಟಾಟೂ ಕಟ್‌ಔಟೂ ಕೆಟ್ಟ ದಿನ. ಆಗ ಕಾಯಿಲ್ ನಿಲ್ಲುವುದೇ ಇಲ್ಲ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಒತ್ತಡದಲ್ಲಿ ಹಾಗಲ್ಲ. 8 ಬಾರ್ ಒತ್ತಡದಲ್ಲಿ ನೀರು 170 ಡಿಗ್ರಿ ದಾಟಿದ ಮೇಲೇ ಕುದಿಯುವುದು. ಅಷ್ಟು ಬಿಸಿಯಾದ ನೀರಿರುವ ಟ್ಯಾಂಕು ಒಡೆದರೆ ಒತ್ತಡ ಒಮ್ಮೆಲೇ ಇಳಿಯುತ್ತದೆ, ನೀರಿನ ಒಂದು ಪಾಲು ಆ ಕ್ಷಣವೇ ಹಬೆಯಾಗುತ್ತದೆ. ಒಂದು ಲೀಟರ್ ನೀರು ಹಬೆಯಾದರೆ 1600 ಲೀಟರಿಗಿಂತ ಹೆಚ್ಚು ಜಾಗ ಬೇಕು. ನಮ್ಮ ಬಚ್ಚಲುಗಳ ಅಳತೆ ನಿಮಗೆ ಗೊತ್ತೇ ಇದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು: ಎಂ-ಸೀಲ್, ಎಂಡ್ ಕ್ಯಾಪ್, ಮರದ ಬೆಣೆ, ಯಾವುದರಿಂದಲೂ ಆ ಮೂತಿ ಮುಚ್ಚಬೇಡಿ. ಈಗಾಗಲೇ ಮುಚ್ಚಿದ್ದರೆ ಹೊಸ ವಾಲ್ವ್ ಹಾಕಿಸುವವರೆಗೆ ಗೀಸರ್ ಹಚ್ಚಬೇಡಿ. ಅಂಟನ್ನು ಕೆರೆದು ತೆಗೆದರೆ ಸಾಲದು, ಒಳಗೆ ಇಳಿದಿರುತ್ತದೆ.

ಹಳೆಯ ಕೆಲವು ಗೀಸರ್‌ಗಳಲ್ಲಿ ಫ್ಯೂಸಿಬಲ್ ಪ್ಲಗ್ ಎಂಬ ಇನ್ನೊಂದು ಭಾಗವಿದೆ. ನೀರು ಕುದಿಯುವ ಹಂತಕ್ಕೆ ಹತ್ತಿರ ಬಂದರೆ ಅದರ ಲೋಹ ಕರಗಿ ಬಿಸಿನೀರು ಹೊರಹೋಗುತ್ತದೆ. ಅದು ಕರಗಿದ್ದರೆ ಹೊಸ ಪ್ಲಗ್ ಹಾಕಿ ಸುಮ್ಮನಾಗಬಾರದು, ಥರ್ಮೋಸ್ಟಾಟ್ ಪರೀಕ್ಷಿಸಲೇಬೇಕು.

ಹನಿ ಎಲ್ಲಿಂದ ಬರುತ್ತಿದೆ?

ಮೊದಲು ಎಂಸಿಬಿ, ಅಂದರೆ ಕರೆಂಟಿನ ಬೋರ್ಡಿನಲ್ಲಿ ಗೀಸರ್‌ಗೆ ಇರುವ ಮುಖ್ಯ ಸ್ವಿಚ್, ಇಳಿಸಿ. ಗೋಡೆಯ ಸ್ವಿಚ್ ಮಾತ್ರ ಆಫ್ ಮಾಡಿದರೆ ಸಾಲದು, ಒದ್ದೆ ಜಾಗದಲ್ಲಿ ಕೈ ಹಾಕುತ್ತಿದ್ದೀರಿ. ಆಮೇಲೆ ಹಳೆ ಬಟ್ಟೆಯಿಂದ ವಾಲ್ವ್, ಪೈಪು, ಗೀಸರ್ ತಳ ಎಲ್ಲವನ್ನೂ ಒರೆಸಿ ಒಣಗಿಸಿ. ಟಿಶ್ಯೂ ಪೇಪರಿನ ಸಣ್ಣ ಪಟ್ಟಿಗಳನ್ನು ಒಂದೊಂದು ಜಾಯಿಂಟಿಗೂ ಒಂದೊಂದು ಸುತ್ತಿ, ಇನ್ನೊಂದನ್ನು ಮೂತಿಯ ತುದಿಗೆ ಸಿಗಿಸಿ. ಹತ್ತು ನಿಮಿಷ ಬಿಟ್ಟು ನೋಡಿ. ಯಾವ ಪಟ್ಟಿ ಮೊದಲು ಒದ್ದೆಯಾಗಿದೆಯೋ ಅಲ್ಲೇ ಮೂಲ. ನೀರು ಪೈಪಿನ ಮೈಮೇಲೆ ಹರಿದು ಕೆಳಗೆಲ್ಲೋ ತೊಟ್ಟಿಕ್ಕುತ್ತದೆ. ಬೀಳುವ ಜಾಗ ನೋಡಿ ತೀರ್ಮಾನ ಮಾಡಿದರೆ ತಪ್ಪು ಭಾಗ ಬದಲಾಯಿಸುತ್ತೀರಿ.

ಜಾಯಿಂಟ್ ಒದ್ದೆಯಾಗಿದ್ದರೆ ನಿಶ್ಚಿಂತೆ. ಅದು ವಾಶರಿನ ಅಥವಾ ಟೆಫ್ಲಾನ್ ಟೇಪಿನ ಕೆಲಸ. ವಾಲ್ವಿನ ಹಿತ್ತಾಳೆಯೇ ಬಿರುಕು ಬಿಟ್ಟಿದ್ದರೆ ಹೊಸ ವಾಲ್ವ್ ಬೇಕು. ನೀರು ಗೀಸರ್‌ನ ತಳದ ಮುಚ್ಚಳದಿಂದ, ವೈರುಗಳಿರುವ ಕಡೆಯಿಂದ ಬರುತ್ತಿದ್ದರೆ ಕಾಯಿಲ್ ಕೂರಿಸಿದ ಗ್ಯಾಸ್ಕೆಟ್ ಹೋಗಿದೆ, ಅಥವಾ ಟ್ಯಾಂಕೇ ತೂತಾಗಿದೆ. ನೀರಿನಲ್ಲಿ ತುಕ್ಕಿನ ಬಣ್ಣ ಕಂಡರೆ ಟ್ಯಾಂಕಿನ ಮೇಲೆ ಅನುಮಾನ ಜಾಸ್ತಿ. ಇದನ್ನು ಮುಟ್ಟಬೇಡಿ, ಎಂಸಿಬಿ ಮೇಲೆತ್ತದೆ ಕಂಪನಿಯ ಸರ್ವೀಸ್‌ನವರನ್ನು ಕರೆಸಿ. ತೂತಾದ ಟ್ಯಾಂಕಿಗೆ ರಿಪೇರಿ ಇಲ್ಲ.

ಮೂತಿಯೇ ಒದ್ದೆಯಾಗಿದ್ದರೆ ಇನ್ನೊಂದು ಪರೀಕ್ಷೆ. ಬೆಳಿಗ್ಗೆ ತಣ್ಣನೆಯ ಗೀಸರ್ ಹಚ್ಚುವ ಮುನ್ನ ಮೂತಿಯ ಕೆಳಗೆ ಒಂದು ಪಾತ್ರೆ ಇಡಿ. ನೀರು ಪೂರ್ತಿ ಕಾದು ದೀಪ ಆರುವವರೆಗೆ ಬಿಸಿನೀರು ಬಳಸಬೇಡಿ. ಬಿದ್ದ ನೀರನ್ನು ಅಡುಗೆಮನೆಯ ಅಳತೆ ಲೋಟದಲ್ಲಿ ಅಳೆಯಿರಿ. 25 ಲೀಟರ್ ಗೀಸರ್‌ಗೆ ಅರ್ಧ ಲೀಟರಿನೊಳಗಿದ್ದು, ಆಮೇಲೆ ಹನಿ ನಿಂತರೆ ಅದು ಹಿಗ್ಗಿದ ನೀರು ಮಾತ್ರ. ಅದಕ್ಕಿಂತ ಬಹಳ ಜಾಸ್ತಿ ಬಂದರೆ, ಅಥವಾ ಗೀಸರ್ ಆಫ್ ಇದ್ದಾಗಲೂ ಹನಿ ನಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು ನೀರು ಹೋಗುತ್ತದೆ.

ಈ ವಾಲ್ವ್ ತಣ್ಣೀರಿನ ಬದಿಯಲ್ಲಿರುವುದರಿಂದ ಹನಿ ಸಾಮಾನ್ಯವಾಗಿ ತಣ್ಣಗೆ ಅಥವಾ ಉಗುರು ಬೆಚ್ಚಗೆ ಇರುತ್ತದೆ. ಕುದಿವ ನೀರು ಚಿಮ್ಮುತ್ತಿದ್ದರೆ, ಹಬೆ ಬರುತ್ತಿದ್ದರೆ ಒಳಗೆ ಶಾಖ ನಿಯಂತ್ರಣ ತಪ್ಪಿದೆ. ಹತ್ತಿರ ಹೋಗದೆ ಎಂಸಿಬಿ ಇಳಿಸಿ, ಬಚ್ಚಲಿನ ಬಾಗಿಲು ಹಾಕಿ, ತಣ್ಣಗಾಗುವವರೆಗೆ ಯಾರೂ ಒಳಗೆ ಹೋಗದಂತೆ ನೋಡಿಕೊಳ್ಳಿ.

ಗೀಸರ್ ಆಫ್ ಇದ್ದರೂ ಹನಿಯುತ್ತಿದ್ದರೆ

ಹಾಗಿದ್ದರೆ ಕಾರಣ ಪೈಪಿನಲ್ಲಿರುವ ಒತ್ತಡ, ಇಲ್ಲವೇ ವಾಲ್ವಿನೊಳಗಿನ ಕಸ.

ಒತ್ತಡದ ಲೆಕ್ಕ ಸುಲಭ. ನೀರಿನ ಟ್ಯಾಂಕು ನಿಮ್ಮ ಗೀಸರ್‌ಗಿಂತ 10 ಮೀಟರ್ ಮೇಲಿದ್ದರೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಡೊಂಬಿವಲಿಯ ಏಳು ಮಹಡಿ ಕಟ್ಟಡದ ಮೊದಲ ಮಹಡಿಯಲ್ಲಿದ್ದರೆ ಎರಡು ಬಾರ್ ಆಸುಪಾಸು, ಚಿಂತೆ ಇಲ್ಲ. ಮುಂಬಯಿಯ ಟವರ್‌ಗಳ ಮಾತು ಬೇರೆ. ಟ್ಯಾಂಕಿನಿಂದ 60 ಮೀಟರ್ ಕೆಳಗಿರುವ ಮನೆಗೆ ಆರು ಬಾರ್ ಬರುತ್ತದೆ, 6.5 ಬಾರ್ ವಾಲ್ವಿಗೆ ಅದು ಮಿತಿಯ ಅಂಚು. ಅದಕ್ಕೇ ಎತ್ತರದ ಕಟ್ಟಡಗಳಲ್ಲಿ ಇಳಿಯುವ ಪೈಪಿಗೆ ಅಲ್ಲಲ್ಲಿ ಪ್ರೆಶರ್ ಕಡಿಮೆ ಮಾಡುವ ವಾಲ್ವ್ ಹಾಕಿರುತ್ತಾರೆ. ಅದು ಕೆಟ್ಟರೆ ಆ ಸಾಲಿನ ಎಲ್ಲ ಮನೆಗಳ ಗೀಸರ್‌ಗಳೂ ಒಟ್ಟಿಗೆ ಹನಿಯಲು ಶುರುವಾಗುತ್ತವೆ. ರಾತ್ರಿ ಯಾರೂ ನೀರು ಬಳಸದಿದ್ದಾಗ ಪೈಪಿನ ಒತ್ತಡ ಏರುವುದರಿಂದ ಆಗ ಹನಿ ಜಾಸ್ತಿ. ಮೇಲಿನವರಿಗೂ ಕೆಳಗಿನವರಿಗೂ ಅದೇ ತೊಂದರೆ ಇದ್ದರೆ ನಿಮ್ಮ ವಾಲ್ವ್ ಬದಲಿಸಿ ಪ್ರಯೋಜನವಿಲ್ಲ. ಸೊಸಾಯಿಟಿ ಆಫೀಸಿಗೆ ಹೇಳಬೇಕು. ಮನೆಯೊಳಗೆ ಪ್ರೆಶರ್ ಪಂಪ್ ಹಾಕಿಸಿಕೊಂಡವರು ಅದರ ಸೆಟ್ಟಿಂಗ್ ನೋಡಬೇಕು.

ಇನ್ನು ಕಸ. ಪುಣೆಯ ಊರೊಳಗೆ ಖಡಕ್‌ವಾಸ್ಲಾ ಕಡೆಯ ಅಣೆಕಟ್ಟುಗಳ ನೀರು ಬರುತ್ತದೆ. ಹೊರವಲಯದ ಎಷ್ಟೋ ಸೊಸಾಯಿಟಿಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡಿವೆ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ ಇರುವ ನೀರು. ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಬಿಳಿ ಪೊರೆಯಾಗಿ ಕೂರುತ್ತದೆ. ಬಕೆಟಿನ ಒಳಗೆ, ನಲ್ಲಿಯ ತುದಿಯಲ್ಲಿ ಕಾಣುವ ಅದೇ ಬಿಳಿ ಕಿಟ್ಟ. ಅದರ ಚಿಕ್ಕ ಚೂರೊಂದು ವಾಲ್ವಿನ ರಬ್ಬರ್ ಸೀಟಿನ ನಡುವೆ ಸಿಕ್ಕಿಕೊಂಡರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಹನಿ ನಿಲ್ಲುವುದಿಲ್ಲ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಕಿಟ್ಟ ಕಟ್ಟಿ ವಾಲ್ವ್ ಅಂಟಿಕೊಂಡರೆ ಬೇಕಾದಾಗ ತೆರೆಯುವುದೇ ಇಲ್ಲ. ಹೊರಗೆ ಒಂದು ಹನಿಯೂ ಕಾಣದೆ ಎಲ್ಲ ಸರಿಯಿದೆ ಎನಿಸುತ್ತದೆ.

ಎರಡಕ್ಕೂ ಮದ್ದು ಲಿವರ್. ಕರೆಂಟು ಬಂದ್ ಮಾಡಿ, ನೀರು ತಣ್ಣಗಾದ ಮೇಲೆ, ಲಿವರ್ ಮೆಲ್ಲಗೆ ಎತ್ತಿ ಕೆಲವು ಸೆಕೆಂಡು ನೀರು ಹರಿಯಲು ಬಿಡಿ, ಮತ್ತೆ ಕೂರಿಸಿ. ಎರಡು ಮೂರು ಸಲ ಮಾಡಿದರೆ ಚೂರುಗಳು ತೊಳೆದುಹೋಗುತ್ತವೆ. ಕೆಲವು ವಾಲ್ವಿನಲ್ಲಿ ಲಿವರಿಗೆ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಮೊದಲು ತೆಗೆಯಬೇಕು. ಎತ್ತಿದರೂ ನೀರೇ ಬರದಿದ್ದರೆ ವಾಲ್ವ್ ಅಂಟಿದೆ, ಬದಲಿಸಿ. ತೊಳೆದ ಮೇಲೂ ಹನಿ ನಿಲ್ಲದಿದ್ದರೆ, ಒತ್ತಡವೂ ಸರಿಯಿದ್ದರೆ, ಆಗಲೂ ಬದಲಿಸಿ. ಗಡಸು ನೀರಿನ ಮನೆಗಳಲ್ಲಿ ಥರ್ಮೋಸ್ಟಾಟನ್ನು 50–55 ಡಿಗ್ರಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಕಿಟ್ಟವೂ ಕಡಿಮೆ, ಹಿಗ್ಗುವ ನೀರೂ ಕಡಿಮೆ.

ವಾಲ್ವ್ ಬದಲಿಸುವಾಗ

ಪಾನಾ (ಸ್ಪ್ಯಾನರ್) ಹಿಡಿದು ಅಭ್ಯಾಸ ಇರುವವರು ಇದನ್ನು ಮಾಡಿಕೊಳ್ಳಬಹುದು. ಇಲ್ಲದವರು ಪ್ಲಂಬರ್ ಕರೆಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ.

ಎಂಸಿಬಿ ಇಳಿಸಿ, ನೀರು ತಣ್ಣಗಾಗಲು ಬಿಡಿ. ತಣ್ಣೀರಿನ ಆ್ಯಂಗಲ್ ಕಾಕ್ (ಪೈಪಿಗೆ ನೀರು ಬಿಡುವ ಗೋಡೆಯ ಚಿಕ್ಕ ನಲ್ಲಿ) ಬಂದ್ ಮಾಡಿ, ಬಿಸಿನೀರಿನ ನಲ್ಲಿ ತೆರೆದಿಡಿ. ನಲ್ಲಿಯಲ್ಲಿ ನೀರು ನಿಂತಿತು ಎಂದರೆ ಟ್ಯಾಂಕು ಖಾಲಿಯಾಯಿತು ಎಂದುಕೊಳ್ಳಬೇಡಿ. ಆಗಲೇ ಹೇಳಿದಂತೆ, ತಣ್ಣೀರು ದೂಡದೆ ಬಿಸಿನೀರು ಹೊರಬರುವುದಿಲ್ಲ, ಒಳಗೆ ಪೂರ್ತಿ ನೀರಿದೆ. ಲಿವರ್ ಎತ್ತಿ ಮೂತಿಯಿಂದ ಇಳಿಸಿ, ಬಕೆಟ್ ಹಿಡಿಯಿರಿ. ತೆರೆದಿಟ್ಟ ನಲ್ಲಿಯಿಂದ ಗಾಳಿ ಒಳಗೆ ಹೋಗುವುದರಿಂದ ನೀರು ಸರಾಗವಾಗಿ ಇಳಿಯುತ್ತದೆ.

ಹಳೆಯ ವಾಲ್ವ್ ತಿರುಗಿಸುವಾಗ ಒಂದು ಪಾನಾ ಸಾಲದು. ಇನ್ನೊಂದರಿಂದ ಗೀಸರ್ ಕಡೆಯ ನಿಪ್ಪಲ್ (ಟ್ಯಾಂಕಿನಿಂದ ಹೊರಬಂದ ಚಿಕ್ಕ ಪೈಪಿನ ತುಂಡು) ಹಿಡಿದಿರಬೇಕು. ಇಲ್ಲವಾದರೆ ತಿರುಚುವ ಬಲವೆಲ್ಲ ಟ್ಯಾಂಕಿನ ಬೆಸುಗೆಗೆ ಹೋಗುತ್ತದೆ. ಹೊಸ ವಾಲ್ವಿನ ಮೈಮೇಲೆ ಬಾಣದ ಗುರುತು ಇರುತ್ತದೆ, ಅದು ಗೀಸರ್ ಕಡೆ ನೋಡಬೇಕು. ಥ್ರೆಡ್‌ನ ತುದಿಯನ್ನು ನಿಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ಕೂರಿಸುವಾಗ ಬಿಚ್ಚಿಕೊಳ್ಳುತ್ತದೆ. ಕನೆಕ್ಷನ್ ಪೈಪಿನ ನಟ್ಟಿಗೆ ಮಾತ್ರ ಟೇಪ್ ಬೇಡ. ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಶರ್. ಹಳೆಯದು ಗಟ್ಟಿಯಾಗಿದ್ದರೆ ಹೊಸದು ಹಾಕಿ, ಕೈಯಲ್ಲಿ ಬಿಗಿ ಮಾಡಿ, ಪಾನಾದಿಂದ ಸ್ವಲ್ಪವೇ ತಿರುಗಿಸಿ. ಜೋರು ಮಾಡಿದರೆ ವಾಶರ್ ಕತ್ತರಿಸಿಹೋಗುತ್ತದೆ.

ವಾಲ್ವಿಗೂ ಗೀಸರ್‌ಗೂ ನಡುವೆ ಯಾವ ನಲ್ಲಿಯೂ ಇರಕೂಡದು. ಯಾರಾದರೂ ಅದನ್ನು ಬಂದ್ ಮಾಡಿದರೆ ವಾಲ್ವ್ ಇದ್ದೂ ಇಲ್ಲದಂತೆ.

ಹನಿ ಬೀಳುವುದು ಬೇಡ ಎನ್ನುವವರಿಗೆ ಸರಿಯಾದ ದಾರಿ ಒಂದಿದೆ. ಮೂತಿಗೆ ಸಣ್ಣ ನಳಿಕೆ ಸಿಗಿಸಿ, ಉದ್ದಕ್ಕೂ ಇಳಿಜಾರಾಗಿ ನಹಾಣಿ ಟ್ರ್ಯಾಪಿನವರೆಗೆ, ಅಂದರೆ ಬಚ್ಚಲ ನೆಲದ ನೀರು ಹೋಗುವ ಜಾಲಿಯವರೆಗೆ, ತನ್ನಿ. ನಡುವೆ ಮಡಿಕೆ ಬೀಳಬಾರದು, ತುದಿ ತೆರೆದಿರಬೇಕು, ನೀರಿನಲ್ಲಿ ಮುಳುಗಿರಬಾರದು. ತುದಿಗೆ ಬಕೆಟ್ ಇಟ್ಟುಕೊಂಡರೆ ಗಿಡಗಳಿಗೆ ನೀರಾಯಿತು.

ಗೀಸರ್ ಲಾಫ್ಟಿನಲ್ಲಿ, ಕಣ್ಣಿಗೆ ಬೀಳದ ಕಡೆ ಇದ್ದರೆ ಈ ನಳಿಕೆ ಬೇಕೇಬೇಕು. ಅಲ್ಲಿ ಬಿದ್ದ ಹನಿ ಸ್ಲ್ಯಾಬಿನೊಳಗೆ ಇಳಿದು ಕೆಳಗಿನ ಮನೆಯ ಚಾವಣಿಯಲ್ಲಿ ಕಲೆಯಾಗುತ್ತದೆ. ಮಹಾರಾಷ್ಟ್ರದ ಹೌಸಿಂಗ್ ಸೊಸಾಯಿಟಿಗಳ ಮಾಡೆಲ್ ಬೈಲಾ ಪ್ರಕಾರ ಹೊರಗಿನ ಸಾಮಾನ್ಯ ಪೈಪುಗಳ ಸೋರಿಕೆ ಸೊಸಾಯಿಟಿಯ ಖರ್ಚು, ಮನೆಯೊಳಗಿನ ಬಚ್ಚಲು, ಸಿಂಕಿನಂಥವುಗಳ ಸೋರಿಕೆ ಆ ಮನೆಯವರದ್ದೇ.

ಕೆಲಸ ಮುಗಿದ ಮೇಲೆ ಆತುರ ಬೇಡ. ಆ್ಯಂಗಲ್ ಕಾಕ್ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಉಗುಳುವುದು ನಿಂತು ನೀರು ಒಂದೇ ಸಮ ಬರುವವರೆಗೆ ಕಾಯಿರಿ. ನಲ್ಲಿ ಬಂದ್ ಮಾಡಿ ಜಾಯಿಂಟುಗಳಿಗೆ ಮತ್ತೆ ಟಿಶ್ಯೂ ಸುತ್ತಿ ನೋಡಿ. ಅವು ಒಣಗಿಯೇ ಇದ್ದರೆ ಎಂಸಿಬಿ ಮೇಲೆತ್ತಿ.